ಮೂವತ್ತೊಂದರ ಮರುದಿನ

ಮಧ್ಯಾಹ್ನ ಒಂದು ಗಂಟೆ ಹನ್ನೆರಡು ನಿಮಿಷ. ಮೊದಲು ಬಾಗಿಲಿಗೆ ಕಬ್ಬಿಣದ ಅಡ್ಡಪಟ್ಟಿ ಬಿದ್ದ ಸದ್ದು ಕೇಳಿತು. ಆಮೇಲೆ ಎಡಗಡೆಯ ಬೀಗ ಕಚ್ಚಿದ ಸದ್ದು. ಆಮೇಲೆ ಬಲಗಡೆಯದು. ಗೋಡೆಯ ಗಡಿಯಾರ ನೋಡಿದೆ. ಪಂಚಾಯಿತಿ ಕಚೇರಿಯನ್ನು ಊಟದ ಹೊತ್ತಿಗೆ ನಿಯಮದ ಪ್ರಕಾರವೇ ಮುಚ್ಚಿದ್ದರು. ನಿಯಮ ಬರೆದವನು ನಾನು. ಒಳಗಿದ್ದವನೂ ನಾನೇ.

ಆಗ ನನಗೆ ಗಾಬರಿಯಾಗಲಿಲ್ಲ. ಕಪಾಟಿನ ಹಿಂದಿನ ಸಂದಿಯಲ್ಲಿ ಕುಕ್ಕುರುಗಾಲಲ್ಲಿ ಕೂತು ಹಳೆಯ ಮನೆ ನಂಬರಿನ ಕಡತ ಹುಡುಕುತ್ತಿದ್ದೆ. ಬುತ್ತಿ ಒಳಗೇ ಇತ್ತು. ಎರಡು ಗಂಟೆಗೆ ಬಂದು ತೆಗೆಯುತ್ತಾರೆ, ಅಲ್ಲಿಯವರೆಗೆ ಯಾರ ಕಾಟವೂ ಇಲ್ಲದೆ ಮುಕ್ಕಾಲು ಗಂಟೆ ಸಿಕ್ಕಿತು ಅಂದುಕೊಂಡೆ. ಅಂದುಕೊಂಡು ಕೆಂಪು ಅರಿವೆಯಲ್ಲಿ ಕಟ್ಟಿದ ಕಡತಗಳ ಗಂಟೊಂದನ್ನು ಕೆಳಗಿನಿಂದ ಎಳೆದೆ. ಕುಕ್ಕರು ಸೀಟಿ ಹೊಡೆಯುವ ಮುಂಚೆ ಉಸಿರು ಬಿಡುತ್ತದಲ್ಲ, ಅಂಥ ಸದ್ದು ಬಂತು. ಗಂಟಿನ ಹಿಂದಿನಿಂದ ಮುಂಗೈ ದಪ್ಪದ ನಾಗರಹಾವು ಇಳಿದು, ನನ್ನ ಬಲಗಾಲಿನ ಚಪ್ಪಲಿಯನ್ನು ಮುಟ್ಟಿಯೂ ಮುಟ್ಟದಂತೆ ದಾಟಿ, ಗೋಡೆಗುಂಟ ಬಾಗಿಲ ಕಡೆ ಹೋಯಿತು.

ಕಿಟಕಿಯ ಪಕ್ಕದ ಮೇಜಿನ ಮೇಲೆ ನಾನು ಹೇಗೆ ಹತ್ತಿದೆ ಎಂಬುದು ಇವತ್ತಿಗೂ ನೆನಪಾಗುವುದಿಲ್ಲ. ಆ ಚಪ್ಪಲಿ ಮಾತ್ರ ದಿನಾ ನೆನಪಾಗುತ್ತದೆ.

ಹಾವು ಬಾಗಿಲ ಬಳಿಯ ಸ್ಟಾರ್ಟರ್ ಪೆಟ್ಟಿಗೆಯ ಕೆಳಗೆ ಸುತ್ತಿಕೊಂಡು ಕೂತಿತು. ಬೆಳಿಗ್ಗೆಯೆಲ್ಲ ಮೋಟಾರು ಓಡಿದ್ದರಿಂದ ಅಲ್ಲಿ ಬೆಚ್ಚಗಿತ್ತೋ ಏನೋ. ಅದರ ಪಕ್ಕದ ಸ್ಟೂಲಿನ ಮೇಲೆ ನನ್ನ ಫೋನು ಚಾರ್ಜಿಗಿತ್ತು. ನಾನು ಒಂದು ಗೋಡೆಗೆ, ಬಾಗಿಲು ಎದುರಿನ ಗೋಡೆಗೆ, ನಡುವೆ ಅದು. ಕಿಟಕಿಗೆ ಕಬ್ಬಿಣದ ಸರಳು.

ಒಂದು ಬಾಗಿಲಿಗೆ ಎರಡು ಬೀಗ ಯಾಕೆ ಎಂದು ಹೇಳಬೇಕು. ಮುಂಡರಗಿ ತಾಲೂಕಿನಲ್ಲಿ, ಡೋಣಿ ದಾಟಿ ಹೊಳೆಯ ಕಡೆ ಇಳಿದರೆ ಸಿಗುವ ಊರು ಇದು; ಹೆಸರು ಬೇಡ. ಇಲ್ಲಿ ಮೊದಲಿನಿಂದ ಇದ್ದವರು ‘ಹಳೇ ಊರಿನವರು’. ಹೊಳೆಯ ಹಿನ್ನೀರಿಗೆ ಮನೆ ಹೋಗಿ, ಸರ್ಕಾರ ಕೊಟ್ಟ ನಿವೇಶನಗಳಿಗೆ ಬಂದು ಮನೆ ಕಟ್ಟಿಕೊಂಡವರು ‘ಪ್ಲಾಟಿನವರು’. ಬಂದು ವರ್ಷಗಳೇ ಆಗಿ, ಪ್ಲಾಟಿನಲ್ಲಿ ನೆಟ್ಟ ಬೇವಿನ ಗಿಡಗಳು ಮರವಾಗಿ ಕಟ್ಟೆ ಕಟ್ಟಿಸಿಕೊಂಡಿದ್ದರೂ ಹಳೇ ಊರಿನವರ ಬಾಯಲ್ಲಿ ಅವರು ‘ಮೊನ್ನೆ ಬಂದವರು’. ಒಬ್ಬರ ಮದುವೆಗೆ ಇನ್ನೊಬ್ಬರು ಹೋಗುವುದಿಲ್ಲ. ಒಂದೇ ಬಸ್ಸಿನಲ್ಲಿ ಕೂತರೂ ಮುಂದಿನ ಸೀಟು ಅವರು, ಹಿಂದಿನ ಸೀಟು ಇವರು. ಪಂಚಾಯಿತಿಯಲ್ಲಿ ಮಾತ್ರ ಅತ್ತ ಏಳು ಸದಸ್ಯರು, ಇತ್ತ ಏಳು. ತಿಂಗಳುಗಟ್ಟಲೆ ಒಂದು ಠರಾವೂ ಪಾಸಾಗಿರಲಿಲ್ಲ.

ಜಗಳದ ಬೇರು ಆ ಸ್ಟಾರ್ಟರ್ ಪೆಟ್ಟಿಗೆ. ಕುಡಿಯುವ ನೀರಿನ ಮೋಟಾರಿನದು ಅದು. ಕಚೇರಿಯನ್ನು ಪಂಪಿನ ಮನೆಗೆ ಒತ್ತಿ ಕಟ್ಟಿದ್ದರಿಂದ ಒಳಗೇ ಉಳಿದುಕೊಂಡಿತ್ತು. ಬಾಗಿಲ ಕೀಲಿಕೈ ಯಾರ ಹತ್ತಿರ ಇರುತ್ತದೋ ಅವರ ಕಡೆಗೆ ನೀರು ಹೆಚ್ಚು ಹೊತ್ತು ಬರುತ್ತಿತ್ತು. ಒಮ್ಮೆ ಕಲ್ಲು ಬಿದ್ದವು, ಒಮ್ಮೆ ಮೋಟಾರು ಸುಟ್ಟಿತು. ಕೊನೆಗೆ ಮೇಲಿನ ಅಧಿಕಾರಿಯೊಬ್ಬರು ಎರಡೂ ಕಡೆಯವರನ್ನು ಮುಂಡರಗಿಗೆ ಕರೆಸಿ, ಇಡೀ ದಿನ ಕೂಡಿಸಿ, ಅಧಿಕಾರ ಹಂಚಿಕೊಳ್ಳುವ ಒಪ್ಪಂದಕ್ಕೆ ಒಪ್ಪಿಸಿದರು. ಪಂಚಾಯಿತಿ ಅಧಿಕಾರಿಯಾಗಿ ಅದನ್ನು ಬರೆದದ್ದು ನಾನು. ಅಧ್ಯಕ್ಷಗಿರಿ ಹಳೇ ಊರಿಗೆ, ಉಪಾಧ್ಯಕ್ಷಗಿರಿ ಪ್ಲಾಟಿಗೆ, ಅರ್ಧ ಅವಧಿಗೆ ಅದಲು ಬದಲು. ಇಬ್ಬರ ಕುರ್ಚಿಯೂ ಒಂದೇ ಎತ್ತರ. ಚಹಾ ಒಂದು ದಿನ ಆ ಹೋಟೆಲಿನಿಂದ, ಒಂದು ದಿನ ಈ ಹೋಟೆಲಿನಿಂದ. ಕಚೇರಿಯ ಬೋರ್ಡನ್ನು ಇಬ್ಬರು ಪೇಂಟರುಗಳು ಅರ್ಧರ್ಧ ಬರೆದಿದ್ದರಿಂದ ಎಡಭಾಗದ ಅಕ್ಷರಗಳು ದುಂಡಗೆ, ಬಲಭಾಗದವು ಸೊರಗಿ ನಿಂತಿವೆ.

ಬಾಗಿಲಿನದು ಐದನೆಯ ಕಲಮು. ಅಡ್ಡಪಟ್ಟಿಯ ಎರಡು ತುದಿಗೆ ಎರಡು ಬೀಗ; ಊರವರ ಮಾತಿನಲ್ಲಿ ಕೀಲಿ. ಎರಡೂ ತೆಗೆದರೆ ಮಾತ್ರ ಪಟ್ಟಿ ಮೇಲೇಳುತ್ತದೆ. ಒಂದರ ಕೀಲಿಕೈ ಹಳೇ ಊರಿನ ಹಿರಿಯರೊಬ್ಬರ, ಅಂದರೆ ಮೋಟಾರು ನಡೆಸಿ ನೀರು ಬಿಡುವವರ ಹತ್ತಿರ, ಇನ್ನೊಂದರದು ಪ್ಲಾಟಿನವನಾದ ಜವಾನನ ಹತ್ತಿರ. ಯಾವ ಕಾರಣಕ್ಕೂ ಯಾರೂ ಬೀಗ ಮುರಿಯುವಂತಿಲ್ಲ. ಮುರಿದರೆ ಇಡೀ ಒಪ್ಪಂದ ರದ್ದು. ಇಷ್ಟಕ್ಕೆ ಎಲ್ಲರೂ ಒಪ್ಪಿದರು. ಮೊದಲು ಯಾರ ಬೀಗ ತೆಗೆಯಬೇಕು ಎಂಬಲ್ಲಿ ಎರಡು ತಾಸು ಹೋಯಿತು. ಮೊದಲು ತೆಗೆದವನು ಎರಡನೆಯವನಿಗೆ ಬಾಗಿಲು ಕಾಯುವ ಆಳಿನಂತೆ ಎಂದು ಒಬ್ಬರು ಅಂದರು. ಮೊದಲು ತೆಗೆದವನೇ ಮನೆಯ ಯಜಮಾನನಂತೆ ಎಂದು ಇನ್ನೊಬ್ಬರು. ಯಜಮಾನನ ಅರ್ಥವೇ ಗೆದ್ದು, ಎರಡೂ ಕಡೆಯವರು ಮೊದಲ ಸರದಿ ಬೇಕು ಎಂದು ಕೂತರು.

ಆಗ ನನಗೆ ಬೆಟಗೇರಿಯ ನಮ್ಮ ಮನೆಯ ಮಗ್ಗ ನೆನಪಾಯಿತು. ಅಪ್ಪನ ಕಾಲಡಿ ಎರಡು ಹಲಗೆ. ಒಂದನ್ನು ಒತ್ತಿದರೆ ಅರ್ಧ ಎಳೆಗಳು ಏಳುತ್ತವೆ, ಲಾಳಿ ದಾಟುತ್ತದೆ. ಇನ್ನೊಂದನ್ನು ಒತ್ತಿದರೆ ಉಳಿದರ್ಧ. ಎಡ, ಬಲ, ಎಡ, ಬಲ. ಬಟ್ಟೆ ತನ್ನಷ್ಟಕ್ಕೆ ಬೆಳೆಯುತ್ತದೆ. ನಾನು ಹೆಮ್ಮೆಯಿಂದ ಬರೆದೆ: ಬೆಸ ತಾರೀಖಿನಂದು ಹಳೇ ಊರಿನ ಬೀಗ ಮೊದಲು, ಸಮ ತಾರೀಖಿನಂದು ಪ್ಲಾಟಿನ ಬೀಗ ಮೊದಲು. ನೀರಿನ ಸಲುವಾಗಿ ಭಾನುವಾರವೂ ಬಾಗಿಲು ತೆಗೆಯಲೇಬೇಕಿದ್ದುದರಿಂದ ಸರದಿ ತಪ್ಪುವ ಮಾತೇ ಇರಲಿಲ್ಲ. ಎಲ್ಲರೂ ಗೋಣು ಹಾಕಿದರು. ಅಧಿಕಾರಿಗಳು ನನ್ನ ಬೆನ್ನು ತಟ್ಟಿದರು.

ಅದು ನವೆಂಬರಿನ ಮೊದಲ ವಾರ. ನವೆಂಬರು ಮೂವತ್ತಕ್ಕೆ ಮುಗಿಯಿತು, ಡಿಸೆಂಬರು ಒಂದಕ್ಕೆ ಶುರುವಾಯಿತು. ಸಮ, ಬೆಸ, ಏನೂ ತೊಂದರೆಯಾಗಲಿಲ್ಲ. ಡಿಸೆಂಬರಿಗೆ ಮೂವತ್ತೊಂದು ದಿನ ಎಂಬುದು ಹದಿನಾಲ್ಕು ಸದಸ್ಯರಿಗೂ, ಮೇಲಿನ ಅಧಿಕಾರಿಗೂ, ಪದವಿ ಓದಿದ ನನಗೂ ಹೊಳೆದಿರಲಿಲ್ಲ. ಮೂವತ್ತೊಂದೂ ಬೆಸ. ಮರುದಿನದ ಒಂದೂ ಬೆಸ.

ನಾನು ಮೇಜಿನ ಮೇಲೆ ಕೂತದ್ದು ಆ ಒಂದನೆಯ ತಾರೀಖು.

ಬೆಳಿಗ್ಗೆ ಎಲ್ಲ ಚೆನ್ನಾಗಿಯೇ ಇತ್ತು. ಹೊಸ ವರ್ಷವೆಂದು ಅಧ್ಯಕ್ಷರೂ ಉಪಾಧ್ಯಕ್ಷರೂ ಒಂದೇ ಚಾಕು ಹಿಡಿದು ಕೇಕು ಕತ್ತರಿಸಿದ್ದರು. ಇಬ್ಬರೂ ತಮ್ಮ ಕಡೆ ಜಗ್ಗಿದ್ದರಿಂದ ಕೇಕು ನಡುವೆ ಕುಸಿದಿತ್ತು, ಅಷ್ಟೇ. ಒಂದು ಗಂಟೆಗೆ ಬೀಗ ಹಾಕುವಾಗ ‘ಒಳಗೆ ಯಾರೂ ಇಲ್ಲವೆಂದು ಇಬ್ಬರೂ ಖಾತ್ರಿ ಮಾಡಿಕೊಳ್ಳತಕ್ಕದ್ದು’ ಎಂದು ನಾನೇ ಬರೆದಿದ್ದೆ. ಆದರೆ ಇಬ್ಬರೂ ಬೀಗ ಹಾಕುವಾಗ ನೋಡುತ್ತಿದ್ದದ್ದು ಕೋಣೆಯನ್ನಲ್ಲ, ಒಬ್ಬರು ಇನ್ನೊಬ್ಬರ ಕೈಯನ್ನು.

ಒಂದೂ ಮುಕ್ಕಾಲಿನ ಹೊತ್ತಿಗೆ ಕಿಟಕಿಯ ಹೊರಗೆ ಕೊಡದ ಸದ್ದಾಯಿತು. ಅಧ್ಯಕ್ಷರ ಮನೆ ಕಚೇರಿಯ ಹಿಂದೆಯೇ. ಅವರು ಐವತ್ತು ದಾಟಿದ ಹೆಣ್ಣುಮಗಳು, ಹೊಲದಿಂದ ಹೊಲಕ್ಕೆ ಕೇಳುವ ದನಿ. ನೀರು ಹಿಡಿಯಲು ಬಂದವರು ನನ್ನನ್ನು ಕಂಡರು.

“ಏನ್ ಸಾಹೇಬ್ರ, ಟೇಬಲ್ ಮ್ಯಾಲ ಕುಂತು ಊಟಾ ಮಾಡಾಕ್ಹತ್ತೀರಿ? ಕೆಳಗ ಜಾಗಾ ಸಾಲಲಿಲ್ಲೇನು?”

“ಅಕ್ಕಾರ, ಹಾವು.”

“ಎಲ್ಲಿ?”

“ಬಾಗಲ ಕಡೆ. ನಾಗರಹಾವು. ನಾ ಒಳಗ ಅದೀನಿ, ಕೀಲಿ ಹೊರಗ ಐತಿ.”

ಅವರು ಕೊಡ ಬಿಟ್ಟು ಸರಳಿಗೆ ಮುಖ ಒತ್ತಿ ನೋಡಿದರು. ಕೂಗಿ ಊರು ಕೂಡಿಸಿದರು. ಹತ್ತು ನಿಮಿಷದಲ್ಲಿ ಎರಡೂ ಕಡೆಯ ಜನ ಬಾಗಿಲ ಮುಂದೆ ನೆರೆದರು. ನೀರು ಬಿಡುವವರೂ ಜವಾನನೂ ಬಂದರು. ಇನ್ನೇನು ತೆಗೆದರು ಅಂದುಕೊಂಡೆ.

ಜವಾನ ಊಟದ ಹೊತ್ತಿನಲ್ಲಿ ಪ್ಲಾಟಿನ ಹೋಟೆಲಿಗೆ ಹೋಗಿದ್ದನಂತೆ. ಅಲ್ಲಿ ಹೊಸ ಕ್ಯಾಲೆಂಡರು ನೇತುಹಾಕುತ್ತಿದ್ದವರು ಯಾರೋ ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ಲೆಕ್ಕ ಹಾಕಿದ್ದರು. ಬಾಗಿಲ ಹೊರಗಿನ ಮಾತು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು.

“ನಿನ್ನೆ ಮೊದಲ ನೀವು ತಗದ್ರಿ. ಇವತ್ತ ಮುಂಜಾನೆನೂ ನೀವು ತಗದ್ರಿ. ಈಗೂ ನೀವ ತಗೀತೀರಿ? ನಮ್ಮ ಸರದಿ ಏನು ಹೊಳ್ಯಾಗ ಹೋತೇನು?” ಇದು ಜವಾನ.

“ಕಾಗದದಾಗ ಏನ್ ಐತಿ? ಬೆಸಾ ತಾರೀಖು ಹಳೇ ಊರು. ಇವತ್ತ ತಾರೀಖು ಎಷ್ಟು? ಒಂದು. ಒಂದು ಬೆಸಾ ಹೌದೋ ಅಲ್ಲೋ, ನೀನ ಹೇಳು.” ಇದು ನೀರು ಬಿಡುವವರು.

“ನಿನ್ನೆ ಮೂವತ್ತೊಂದೂ ಬೆಸಾನ ಅಲ್ಲೇನ್ರಿ?”

“ಅದಕ್ಕ ನಾ ಏನ್ ಮಾಡ್ಲಿ? ತಿಂಗಳಾ ನಾ ಮಾಡೇನೇನು?”

“ಇಂಥಾ ಮೋಸದ ಕಲಮು ಬರದಾಂವ ಯಾಂವ?”

“ಒಳಗದಾನ,” ಅಂದರು ಯಾರೋ.

ಆಮೇಲೆ ಎಲ್ಲರೂ ಒಮ್ಮೆಲೇ ಮಾತಾಡಿದರು. ಕೆಂಪು ಗಂಟಿನ ಹಿಂದಿನಿಂದ ಬಂತೆಂದು ನಾನು ಒಳಗಿನಿಂದ ಕೂಗಿದ್ದರಿಂದ, ಹಾವು ಬಂದದ್ದು ಯಾರ ಗಂಟಿನಿಂದ ಎಂಬ ಪ್ರಶ್ನೆಯೂ ಎದ್ದಿತು. ಕೆಂಪು ಅರಿವೆಯ ಗಂಟು ಮುಳುಗಿದ ಊರಿನಿಂದ ಬಂದದ್ದು, ಆದ್ದರಿಂದ ಹಾವು ಪ್ಲಾಟಿನವರದು ಎಂದು ಹಳೇ ಊರಿನವರು ತೀರ್ಮಾನಿಸಿದರು. ಅಷ್ಟರಲ್ಲಿ ಮುದುಕಿಯೊಬ್ಬಳು, “ನಾಗಪ್ಪ ತಾನಾಗಿ ಬಂದು ಕುಂತಾನಂದ್ರ ಚಲೋದು ಆಗತೈತಿ,” ಅಂದಳು. ಕೂಡಲೇ ಹಳೇ ಊರಿನವರು ಕಚೇರಿಯ ನೆಲ ತಮ್ಮದು, ಹುತ್ತ ತಮ್ಮದು, ಹಾವೂ ತಮ್ಮದೇ ಎಂದು ಮಾತು ಬದಲಿಸಿದರು. ಪ್ಲಾಟಿನವರು ಬಿಡಲಿಲ್ಲ. ಹಾವಿಗೆ ಇಬ್ಬರು ವಾರಸುದಾರರಾದರು. ನನಗೆ ಒಬ್ಬರೂ ಇರಲಿಲ್ಲ.

ನಮ್ಮ ಕಡೆ ಜಗಳವೆಂದರೆ ಬರೀ ಬಾಯಿಯದಲ್ಲ. ಒಂದೊಂದು ಮಾತಿಗೆ ನೆಲಕ್ಕೆ ಕಾಲು ಬಡಿಯಬೇಕು. ಬಾಗಿಲಾಚೆ ಐವತ್ತು ಜನ ಕಾಲು ಬಡಿದರು. ಸ್ಟಾರ್ಟರ್ ಪೆಟ್ಟಿಗೆಯ ಕೆಳಗಿನ ಸುತ್ತು ಸಡಿಲಾಯಿತು. ಹೆಡೆ ಎದ್ದಿತು. ಅದು ಬಾಗಿಲ ಕಡೆ ಒಮ್ಮೆ ನೋಡಿ, ಅಲ್ಲಿ ದಾರಿ ಕಾಣದೆ, ಮೇಜಿನ ಕಡೆ ತಿರುಗಿತು.

ಆಗಲೇ ಹೊರಗಿನವರು ಯಾರೋ ನಾನು ನಿಜವಾಗಿ ಒಳಗಿದ್ದೇನೆಯೇ ಎಂದು ಖಾತ್ರಿ ಮಾಡಿಕೊಳ್ಳಲು ನನಗೆ ಫೋನು ಮಾಡಿದರು. ಸ್ಟೂಲಿನ ಮೇಲೆ ಫೋನು ಗುರ್ರೆಂದು ನಡುಗುತ್ತ ತಿರುಗತೊಡಗಿತು. ಹಾವು ಅದಕ್ಕೆ ಒಮ್ಮೆ ಹೊಡೆಯಿತು. ಪರದೆಯ ಮೇಲೆ ಟಪ್ ಎಂದ ಆ ಸದ್ದನ್ನು ನಾನು ಈಗಲೂ, ಬಸ್ಸಿನಲ್ಲಿ ಯಾರದಾದರೂ ಫೋನು ನಡುಗಿದರೆ, ಕೇಳಿಸಿಕೊಳ್ಳುತ್ತೇನೆ.

“ಸಾಹೇಬ್ರು ಫೋನ್ ಎತ್ತವಲ್ರು!” ಎಂದು ಹೊರಗೆ ಕೂಗಿದರು.

“ಕೀಲಿ ಒಡೀರಿ!” ಎಂದು ನಾನು ಕಿರುಚಿದೆ. ಒಪ್ಪಂದ ಹಾಳಾಗಲಿ, ನೀರು ನಿಲ್ಲಲಿ ಎಂದು ಅಂದುಕೊಂಡದ್ದನ್ನು ಮುಚ್ಚಿಡುವುದಿಲ್ಲ. ಸುತ್ತಿಗೆ ತಂದರು. ಮೊದಲ ಏಟು ಯಾರ ಬೀಗಕ್ಕೆ ಎಂಬ ಚರ್ಚೆ ಶುರುವಾಗುವಷ್ಟರಲ್ಲಿ ಪುಣ್ಯಾತ್ಮನೊಬ್ಬ ನಡುವಿನ ಪಟ್ಟಿಗೇ ಹೊಡೆದ. ಇಡೀ ಬಾಗಿಲು, ನೆಲ, ನನ್ನ ಮೇಜು ಝಣ್ ಎಂದವು. ಹಾವು ಮೇಜಿನ ಕಾಲಿನ ಹತ್ತಿರ ಬಂದು ಮೊಣಕಾಲೆತ್ತರಕ್ಕೆ ಎದ್ದು ನಿಂತಿತು. ಬುಸ್ ಎಂದ ಉಸಿರು ನನ್ನ ಅಂಗಾಲಿಗೆ ತಾಗಿತು ಎಂದು ನಾನು ಹೇಳುತ್ತೇನೆ. ತಾಗಲು ಸಾಧ್ಯವಿಲ್ಲ ಎಂದು ಹೆಂಡತಿ ಹೇಳುತ್ತಾಳೆ.

“ಬ್ಯಾಡ! ಬ್ಯಾಡ! ಒಡೀಬ್ಯಾಡ್ರಿ!”

ಸುತ್ತಿಗೆ ನಿಂತಿತು. “ಒಡೀರಿ ಅಂತಾನ, ಬ್ಯಾಡ ಅಂತಾನ. ಹಿಂಗ ನೋಡ್ರಿ ಇಂವ ಕಲಮು ಬರದಿದ್ದು,” ಅಂದ ದನಿ ಹಳೇ ಊರಿನದೋ ಪ್ಲಾಟಿನದೋ ಗೊತ್ತಾಗಲಿಲ್ಲ. ಎರಡೂ ಕಡೆಯವರು ನಕ್ಕಿದ್ದಂತೂ ಕೇಳಿಸಿತು.

ಎರಡೂ ಮುಕ್ಕಾಲಿಗೆ ಮುಂಡರಗಿಯಿಂದ ಹಾವು ಹಿಡಿಯುವವನು ಬೈಕಿನಲ್ಲಿ ಬಂದ. ಅಧ್ಯಕ್ಷರೇ ಕರೆಸಿದ್ದರು. ಮೊದಲು ಬಾಗಿಲಿಗೆ ಹೋಗಿ ಎರಡು ಬೀಗ ನೋಡಿದ, ಎರಡು ಕೀಲಿಕೈ ಹಿಡಿದು ನಿಂತ ಇಬ್ಬರನ್ನು ನೋಡಿದ. ಆಮೇಲೆ ಕಿಟಕಿಗೆ ಬಂದು ನನ್ನನ್ನು ನೋಡಿದ.

“ಕೀಲಿಕೈ ಅದಾವಲ್ರೀ?”

“ಅದಾವು.”

“ಮತ್ಯಾಕ ತಗೀವಲ್ರು?”

ನಾನು ಐದನೆಯ ಕಲಮನ್ನು ವಿವರಿಸಿದೆ. ಅವನು ಪೂರ್ತಿ ಕೇಳಿ, “ನಾ ಹಾವು ಹಿಡಿಯಾಂವ್ರಿ. ಇದು ನನ್ನ ಕೈಲಿ ಆಗು ಕೆಲಸಲ್ಲ,” ಅಂದ. ಆದರೆ ಹೋಗಲಿಲ್ಲ. ಜನರ ಕಡೆ ತಿರುಗಿ ಹೇಳಿದ: “ಹಾವಿಗೆ ನಿಮ್ಮ ಮಾತು ಕೇಳಂಗಿಲ್ಲ. ನೆಲಾ ನಡುಗಿದ್ದು ತಿಳಿತೈತಿ. ಒದರ್ರಿ ಬೇಕಾದ್ರ, ಕಾಲು ಬಡೀಬ್ಯಾಡ್ರಿ. ಇನ್ನೊಮ್ಮೆ ಬಡದ್ರ ಅದು ಟೇಬಲ್ ಹತ್ತಿದ್ರೂ ಹತ್ತಿತು.”

ಕಾಲು ಬಡಿಯದೆ ಒದರಲು ಆ ಊರಿನಲ್ಲಿ ಯಾರಿಗೂ ಬರುತ್ತಿರಲಿಲ್ಲ. ಒಬ್ಬಿಬ್ಬರು ಪ್ರಯತ್ನಿಸಿದರು, ಬಾಯಿ ತೆರೆದ ಕೂಡಲೇ ಕಾಲು ತಾನಾಗಿ ಏಳುತ್ತಿತ್ತು, ಪಕ್ಕದವರು ತೊಡೆ ಹಿಡಿದು ನಿಲ್ಲಿಸುತ್ತಿದ್ದರು. ಕೊನೆಗೆ ಎಲ್ಲರೂ ಪಿಸುಮಾತಿಗೆ ಇಳಿದರು. ನಿಂತಲ್ಲೇ ನಿಂತು, ಕೈ ಕಟ್ಟಿಕೊಂಡು, ಮದುವೆಯಲ್ಲಿ ಬೀಗರ ಬಗ್ಗೆ ಮಾತಾಡುವವರ ಹಾಗೆ ಪಿಸುಗುಟ್ಟಿದರು. ಬೈಗುಳಗಳೇನೋ ಅವೇ ಇದ್ದವು. ಆದರೆ ಪಿಸುಮಾತಿನಲ್ಲಿ ಬೈದರೆ ಬೈದವನಿಗೇ ನಾಚಿಕೆಯಾಗುತ್ತದೆ ಎಂದು ಅವತ್ತು ಕಂಡೆ.

ಅಧ್ಯಕ್ಷರು ಕಿಟಕಿಗೆ ಬಂದರು. ಹಿಂದೆಯೇ ಉಪಾಧ್ಯಕ್ಷರೂ ಬಂದರು. ಬಸ್ ಕಂಡಕ್ಟರಾಗಿ ನಿವೃತ್ತರಾದವರು, ಎಪ್ಪತ್ತರ ಹತ್ತಿರ, ಚಿಲ್ಲರೆ ವಿಷಯಕ್ಕೂ ಸೋಲದವರು. ಕಿಟಕಿ ಸಣ್ಣದು. ಪಿಸುಮಾತು ಕೇಳಬೇಕೆಂದರೆ ಇಬ್ಬರೂ ತಲೆಗೆ ತಲೆ ತಾಗಿಸಿ ನಿಲ್ಲಬೇಕು. ಎರಡು ತಿಂಗಳು ಒಂದೇ ಎತ್ತರದ ಕುರ್ಚಿಗಳಲ್ಲಿ ಕೂತಿದ್ದರೂ ಅವರು ಅಷ್ಟು ಹತ್ತಿರ ಬಂದದ್ದು ನಾನು ನೋಡಿರಲಿಲ್ಲ. ಹಿಂದೆ ನಿಂತ ಜನಕ್ಕೆ ಒಂದು ಮಾತೂ ಕೇಳುತ್ತಿರಲಿಲ್ಲ. “ಏನಂತಾರ? ಏನಂತಾರ?” ಎಂದು ಅವರೂ ಪಿಸುಗುಟ್ಟುತ್ತಿದ್ದರು.

“ಒಮ್ಮೆಲೇ ಇಬ್ಬರೂ ತಗೀರಿ,” ಎಂದೆ ನಾನು.

“ಒಂದು ಎರಡು ಮೂರು ಯಾರು ಹೇಳೂದು?” ಅಂದರು ಉಪಾಧ್ಯಕ್ಷರು. “ಹೇಳಿದಾಂವನ ಮಂದಿಗೆ ಮೊದಲ ತಿಳಿತೈತಿ.”

“ಇವತ್ತ ಒಂದ ದಿನಾ ಬಿಟ್ಟು ಕೊಡ್ರಲ್ಲ,” ಅಂದರು ಅಧ್ಯಕ್ಷರು.

“ಬಿಟ್ಟು ಕೊಡತಿದ್ನಿ ಅಕ್ಕಾರ. ನನಗೇನು ಅದರಾಗ? ಆದ್ರ ಹಿಂದ ನಿಂತಾರಲ್ಲ, ಅವರಿಗೆ ಏನ್ ಹೇಳ್ಲಿ?”

ಅಧ್ಯಕ್ಷರು ಹಿಂದೆ ನಿಂತ ತಮ್ಮ ಜನರ ಕಡೆ ಒಮ್ಮೆ ನೋಡಿದರು. “ನನಗೂ ಅದ ಆಗೇತ್ರಿ,” ಅಂದರು.

ಅಷ್ಟರಲ್ಲಿ ಹಾವು ಮೇಜಿನ ಕಾಲಿಗೆ ಒರಗಿಕೊಂಡಿತು. ನಾನು ಬೆರಳು ತೋರಿಸಿದೆ. ಇಬ್ಬರೂ ಅದನ್ನು ನೋಡಿದರು.

“ಹಿಂಗ ಮಾಡೂಣು,” ಅಂದರು ಅಧ್ಯಕ್ಷರು. “ನಮ್ಮ ಕೀಲಿ ನೀವು ತಗೀರಿ. ನಿಮ್ಮ ಕೀಲಿ ನಾವು ತಗೀತೇವಿ. ಯಾವುದರ ಮೊದಲ ಬರ್ಲಿ, ನಮ್ಮದು ಮೊದಲ ಬಂತು ಅಂದ್ರ ತಗದಾಂವ ನಿಮ್ಮಾಂವ, ನಿಮ್ಮದು ಬಂತು ಅಂದ್ರ ತಗದಾಂವ ನಮ್ಮಾಂವ.”

ಉಪಾಧ್ಯಕ್ಷರು ಯೋಚಿಸಿದರು. “ಕೀಲಿಕೈ ನಿಮ್ಮ ಕೈಯಾಗ ಕೊಟ್ಟ ಮ್ಯಾಲ ನೀವು ಅಂಥಾದ್ದ ಇನ್ನೊಂದು ಮಾಡಿಸಿದ್ರ?”

“ನಿಮ್ಮ ಹತ್ರ ನಮ್ಮದು ಇರತೈತಲ್ಲ. ನೀವೂ ಮಾಡಸ್ರಿ.”

“ಹಂಗಾರ ಆತು.”

ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿದರು. “ಸಾಹೇಬ್ರ, ಕಾಗದದಾಗ ಇದಕ್ಕ ಅಡ್ಡಿ ಐತೇನು?”

ಕೆಳಗೆ ಹಾವು, ಮೇಲೆ ನಾನು. ಹದಿನಾಲ್ಕು ಕಲಮುಗಳನ್ನು ಒಂದೊಂದಾಗಿ ಬಾಯಲ್ಲೇ ಓದಿಕೊಂಡೆ. ಯಾರ ಬೀಗ ಮೊದಲು ಎಂದು ಬರೆದಿದ್ದೆ. ಯಾರ ಕೈ ಮೊದಲು ಎಂದು ಬರೆದಿರಲಿಲ್ಲ.

“ಅಡ್ಡಿ ಇಲ್ಲ,” ಎಂದೆ. ನನ್ನ ನೌಕರಿಯಲ್ಲಿ ಅಷ್ಟು ಚಿಕ್ಕ ಆದೇಶವನ್ನು ಅಷ್ಟು ಮನಸಾರೆ ಕೊಟ್ಟದ್ದಿಲ್ಲ.

ಕೀಲಿಕೈಗಳ ಅದಲು ಬದಲಾಯಿತು. ಅದೂ ಒಮ್ಮೆಲೇ, ಒಬ್ಬರ ಬಲಗೈಯಿಂದ ಇನ್ನೊಬ್ಬರ ಎಡಗೈಗೆ, ಇಬ್ಬರೂ ಒಟ್ಟಿಗೆ. ಪ್ಲಾಟಿನ ಬೀಗ ಹೊಸದು. ನೀರು ಬಿಡುವವರು ಅದನ್ನು ಚಟಕ್ಕನೆ ತೆಗೆದರು. ಹಳೇ ಊರಿನ ಬೀಗ ಅವರ ಅಜ್ಜನ ಕಾಲದ್ದು. ಜವಾನ ತಿರುಗಿಸಿದ, ತೆರೆಯಲಿಲ್ಲ. ಮತ್ತೆ ತಿರುಗಿಸಿದ.

“ತಗೀಲೇ ಜಲ್ದಿ,” ಎಂದು ಯಾರೋ ಪಿಸುಗುಟ್ಟಿದರು.

“ಬರವಲ್ದು. ಏನೋ ಮಾಡ್ಯಾರ ಇವರು.”

ಆ ಬೀಗಕ್ಕೊಂದು ಗುಟ್ಟಿತ್ತು. ಕೀಲಿಕೈ ಕೈಯಲ್ಲಿದ್ದರೂ ನೀರು ಬಿಡುವವರೊಬ್ಬರ ಹೊರತು ಯಾರಿಗೂ ಅದು ತೆರೆಯುತ್ತಿರಲಿಲ್ಲ. ಮನೆಯಲ್ಲಿ ಮಕ್ಕಳಿಗೂ ಹೇಳಿರಲಿಲ್ಲವಂತೆ. ಹಳೇ ಊರಿನವರು ಎರಡು ಬೀಗದ ಕಲಮಿಗೆ ಅಷ್ಟು ಸುಲಭವಾಗಿ ಯಾಕೆ ಒಪ್ಪಿದ್ದರು ಎಂದು ನನಗೆ ಆಗ ಹೊಳೆಯಿತು. ಇಷ್ಟು ದಿನ ಬಾಗಿಲಿಗೆ ಎರಡು ಬೀಗವಿದ್ದರೂ ಗುಟ್ಟು ಒಬ್ಬರದೇ ಆಗಿತ್ತು. ನಾನು ಬಾಗಿಲನ್ನೇ ನೋಡುತ್ತಿದ್ದೆ; ಕೆಳಗೆ ನೋಡುವ ಧೈರ್ಯವಿರಲಿಲ್ಲ.

ಅಧ್ಯಕ್ಷರ ದನಿ ಕೇಳಿತು. “ಹೇಳಪಾ.”

“ಅಕ್ಕಾರ, ಅದು…”

“ಒಳಗ ಅಂವಂಗೂ ಹೆಂಡ್ತಿ ಮಕ್ಕಳು ಅದಾರ. ಹೇಳು.”

ನೀರು ಬಿಡುವವರು ನಿಟ್ಟುಸಿರು ಬಿಟ್ಟರು. “ಕೀಲಿಕೈ ಪೂರಾ ಒಳಗ ಹಾಕಬ್ಯಾಡ. ಒಂದ ಉಗುರಿನಷ್ಟು ಹಿಂದ ಜಗ್ಗು. ಹಾಂ. ಈಗ ಕೀಲಿ ಮ್ಯಾಲಕ್ಕೆತ್ತಿ ಹಿಡಿ. ಹಂಗಲ್ಲಪಾ, ಎಮ್ಮಿ ಬಾಲಾ ತಿರುವಿದಂಗ ತಿರುವಬ್ಯಾಡ. ಸಾವಕಾಶ. ಕೂಸಿನ ಕಿವಿ ಹಿಡದಂಗ ಹಿಡಿ.”

ಕಟ್ ಎಂದಿತು.

ಪಟ್ಟಿಯನ್ನು ಇಬ್ಬರೂ ಎರಡು ತುದಿ ಹಿಡಿದು, ಸದ್ದಾಗದ ಹಾಗೆ, ಕೂಸನ್ನು ತೊಟ್ಟಿಲಿನಿಂದ ಎತ್ತುವಂತೆ ಎತ್ತಿ ಕೆಳಗಿಟ್ಟರು. ಬಾಗಿಲು ಒಂದು ಗೇಣು ತೆರೆಯಿತು. ಬಿಸಿಲಿನ ಪಟ್ಟೆಯೊಂದು ಮೇಜಿನ ಕಾಲಿನವರೆಗೆ ಬಿತ್ತು. ಹಾವು ಹಿಡಿಯುವವನು ಕೊಕ್ಕೆ, ಚೀಲ ಹಿಡಿದು ಒಳಬಂದ. ಮೂರು ನಿಮಿಷದ ಕೆಲಸ. ಒಂದು ಗಂಟೆ ಹನ್ನೆರಡಕ್ಕೆ ಹಾಕಿದ ಬಾಗಿಲು ತೆರೆದಾಗ ಮೂರು ಗಂಟೆ ಇಪ್ಪತ್ತಾಗಿತ್ತು.

ನನ್ನನ್ನು ಮೇಜಿನಿಂದ ಜವಾನ ಒಂದು ತೋಳು, ನೀರು ಬಿಡುವವರು ಒಂದು ತೋಳು ಹಿಡಿದು ಇಳಿಸಿದರು. ಆಗಲೇ ಸ್ಟೂಲಿನ ಮೇಲಿನ ಫೋನು ಮತ್ತೆ ನಡುಗಿತು. ನಾನು ಇಬ್ಬರಿಗೂ ಜೋತುಬಿದ್ದೆ. ಫೋನು ಮಾಡಿದ್ದು ಮೇಲಿನ ಅಧಿಕಾರಿಗಳು. “ಹೊಸ ವರ್ಷದ ಶುಭಾಶಯ. ನಿಮ್ಮ ಒಪ್ಪಂದ ಹೇಗೆ ನಡೀತಾ ಇದೆ? ಎಲ್ಲಾ ಶಾಂತವಾಗಿದೆ ತಾನೇ?”

“ಬಹಳ ಶಾಂತವಾಗಿದೆ ಸರ್,” ಎಂದೆ. “ಎಲ್ಲರೂ ಪಿಸುಮಾತಿನಲ್ಲಿದ್ದಾರೆ.”

ಹಾವನ್ನು ಎಲ್ಲಿ ಬಿಡಬೇಕೆಂಬ ಪ್ರಶ್ನೆ ಉಳಿದಿತ್ತು. ನಾಗಪ್ಪ ತಮ್ಮವನೆಂದು ವಾದಿಸಿದ ಇಬ್ಬರೂ ತಮ್ಮ ಹದ್ದಿನಲ್ಲಿ ಬಿಡಲು ಒಪ್ಪಲಿಲ್ಲ. ಡೋಣಿ ಕಡೆಯ ಗುಡ್ಡದ ಬುಡಕ್ಕೆ ಒಯ್ಯುವುದೆಂದು ತೀರ್ಮಾನವಾಯಿತು; ಎರಡೂ ಕಡೆಯಿಂದ ಇಬ್ಬಿಬ್ಬರು ಸಾಕ್ಷಿಗಳು, ಮೂರು ಗಾಲಿಯ ಒಂದೇ ಟಂಟಂ ಗಾಡಿ. ಚೀಲ ನಡುವೆ ಇದ್ದುದರಿಂದ ದಾರಿಯುದ್ದಕ್ಕೂ ನಾಲ್ವರೂ ಕಾಲು ಮೇಲೆತ್ತಿ ಕೂತಿದ್ದರಂತೆ. ಮರುದಿನ ಠರಾವು ಪುಸ್ತಕದಲ್ಲಿ ಬರೆದೆ: ‘ಉಭಯ ಕಡೆಯವರ ಸಮಕ್ಷಮ, ಸರ್ವಾನುಮತದಿಂದ, ಹಾವನ್ನು ಹೊರತೆಗೆಯಲಾಯಿತು.’ ಆ ಪುಸ್ತಕದಲ್ಲಿ ‘ಸರ್ವಾನುಮತ’ ಎಂಬ ಶಬ್ದ ಬಂದದ್ದು ಅದೇ ಮೊದಲು.

ನಾನು ದಿನಾ ಬಸ್ಸಿಗೆ ಓಡಾಡುವುದು ಬೆಟಗೇರಿಯಿಂದ. ಆ ವಾರ ಮನೆಯಲ್ಲಿ ಅಪ್ಪನಿಗೆ ಎಲ್ಲ ಹೇಳಿದೆ. ಅವರು ಹಾವಿನ ಬಗ್ಗೆ ಏನೂ ಕೇಳಲಿಲ್ಲ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಸಮ ಬೆಸದ ಕಲಮನ್ನು ಎರಡು ಸಲ ಹೇಳಿಸಿಕೊಂಡರು.

“ಒಂದ ಹಲಗಿ ಎರಡ ಸಲ ಒತ್ತಿದಿ,” ಅಂದರು. “ಎರಡು ಎಳಿ ಒಂದ ಸಂದಿನ್ಯಾಗ ಹೋದ್ರ ಸೀರಿ ಕೆಡ್ತೈತಿ. ಸಣ್ಣಾಂವಿದ್ದಾಗ ನಾಕ ಸೀರಿ ಕೆಡಿಸಿದ್ದಿ. ಆಮ್ಯಾಲ ಕಾಲೇಜಿಗೆ ಕಳಿಸಿದ್ನಿ.”

“ಈಗೇನು ಮಾಡ್ಲಿ?”

“ತಾರೀಖು ಯಾಕ ನೋಡ್ತಿ? ಇವತ್ತ ಹಿಂದಾದಾಂವ ನಾಳಿ ಮುಂದಾಗಲಿ. ಮಗ್ಗಕ್ಕ ಕ್ಯಾಲೆಂಡರ್ ಗೊತ್ತಿಲ್ಲ.”

ತಿದ್ದುಪಡಿ ಬರೆದು ಸಭೆಯ ಮುಂದಿಟ್ಟೆ. ಇನ್ನೊಂದು ಕಾಗದ ಬೇಡವೆಂದು ಎರಡೂ ಕಡೆಯವರು ಒಂದೇ ದನಿಯಲ್ಲಿ ತಳ್ಳಿಹಾಕಿದರು. ಬೆಸ ಸಮ ಹಾಗೆಯೇ ಉಳಿಯಿತು. ಜನವರಿಗೂ ಮೂವತ್ತೊಂದು ದಿನ.

ಅಲ್ಲಿಂದ ನನ್ನ ನಿದ್ದೆ ಹೋಯಿತು. ಮಲಗುವ ಮುಂಚೆ ಮಂಚದ ಕೆಳಗೆ ಬ್ಯಾಟರಿ ಹಾಕಿ ನೋಡುತ್ತಿದ್ದೆ. ಬಾಗಿಲ ಅಗುಳಿ ಹಾಕಲು ಬಿಡುತ್ತಿರಲಿಲ್ಲ. ಕಣ್ಣು ಹತ್ತಿದರೆ ಬಲಗಾಲಿನ ಚಪ್ಪಲಿ ಬರುತ್ತಿತ್ತು, ಎಚ್ಚರವಾಗುತ್ತಿತ್ತು. “ಕೆಳಗ ಏನೂ ಇಲ್ಲ. ಮ್ಯಾಲ ನಾ ಅದೀನಿ. ನನಗ ಅಂಜ್ರಿ, ಮಕ್ಕೋರಿ,” ಎಂದು ಹೆಂಡತಿ ಬೈಯುತ್ತಿದ್ದಳು. ಹಗಲಲ್ಲಿ ಮೂವತ್ತೊಂದಕ್ಕೆ ಎಷ್ಟು ದಿನ ಉಳಿದವು ಎಂದು ಎಣಿಸುತ್ತಿದ್ದೆ. ಎರಡನೆಯ ಸಲ ಹಾವೇ ಬರಬೇಕೆಂದಿಲ್ಲ, ಸುತ್ತಿಗೆ ಬಂದರೂ ಸಾಕಿತ್ತು.

ನಡುವೆ ಒಂದು ಸಂಗತಿ ಗಮನಿಸಿದೆ. ಕೀಲಿಕೈಗಳನ್ನು ಯಾರೂ ವಾಪಸು ಮಾಡಿರಲಿಲ್ಲ. ಮೊದಲ ದಿನ ಗಡಿಬಿಡಿಯಲ್ಲಿ ಮರೆತರು. ಎರಡನೆಯ ದಿನ ಯಾರು ಮೊದಲು ಕೊಡಬೇಕೆಂದು ಬಿಟ್ಟರು. ಆಮೇಲೆ ಅದೇ ರೂಢಿಯಾಯಿತು. ಹಳೇ ಊರಿನ ಬೀಗಕ್ಕೆ ಜವಾನ ಒಂದು ಉಗುರಿನಷ್ಟು ಹಿಂದೆ ಜಗ್ಗಿ ಕೂಸಿನ ಕಿವಿ ಹಿಡಿಯುತ್ತಿದ್ದ. ಹೊಸ ಬೀಗಕ್ಕೆ ನೀರು ಬಿಡುವವರು ತಮ್ಮ ಖರ್ಚಿನಲ್ಲಿ ಎಣ್ಣೆ ಬಿಡುತ್ತಿದ್ದರು. ನಾನು ಬಾಯಿ ತೆಗೆಯಲಿಲ್ಲ. ಬರೆದಿಡಲೂ ಇಲ್ಲ.

ಫೆಬ್ರವರಿ ಒಂದರಂದು ಮೊದಲ ಬಸ್ಸಿಗೇ ಹೋದೆ. ದಾರಿಯಲ್ಲಿ ಏನು ಹೇಳಬೇಕೆಂದು ಮೂರು ಬಗೆಯಲ್ಲಿ ಸಿದ್ಧಮಾಡಿಕೊಂಡಿದ್ದೆ. ಕಚೇರಿಯ ಬಾಗಿಲು ತೆರೆದಿತ್ತು. ಎರಡೂ ಬೀಗ ಒಂದೇ ಮೊಳೆಗೆ ನೇತಾಡುತ್ತಿದ್ದವು. ಇಬ್ಬರೂ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು.

“ಮೊದಲ ಯಾರದು ತಗದ್ರಿ?” ಎಂದೆ. ದನಿ ತಾನಾಗಿ ಪಿಸುಮಾತಾಗಿತ್ತು.

“ಅವನ ಕೀಲಿ ನಾ ತಗದ್ನಿ,” ಅಂದರು ನೀರು ಬಿಡುವವರು.

“ಇವರದು ನಾ ತಗದ್ನಿ,” ಅಂದ ಜವಾನ.

“ಅದು ಗೊತ್ತೈತಿ. ಮೊದಲ ಯಾವುದು?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ನೆನಪು ಮಾಡಿಕೊಳ್ಳಲು ನಿಜವಾಗಿಯೂ ಪ್ರಯತ್ನಿಸಿದರು. ಕೊನೆಗೆ ಜವಾನನೇ ಗಾಬರಿಯಾಗಿ ಕೇಳಿದ: “ಯಾಕ್ರಿ ಸಾಹೇಬ್ರ, ಒಳಗ ಮತ್ತ ಏನರ ಐತೇನು?”

ಅವತ್ತು ಸಂಜೆ ಬೀಗ ಹಾಕುವ ಹೊತ್ತಿಗೆ ನಾನು ಅಂಗಳದಲ್ಲಿ ನಿಂತಿದ್ದೆ. ಇಬ್ಬರೂ ಒಳಗೆ ಹೋದರು. ಒಬ್ಬರು ಬಗ್ಗಿ ಮೇಜಿನ ಕೆಳಗೆ ನೋಡಿದರು, ಇನ್ನೊಬ್ಬ ಕಪಾಟಿನ ಹಿಂದೆ. ಹೊರಬಂದು ಪಟ್ಟಿ ಎತ್ತುವ ಮುಂಚೆ ನನ್ನ ಕಡೆ ತಿರುಗಿದರು.

“ಸಾಹೇಬ್ರ, ಹೊರಗ ಅದೀರಿಲ್ಲೋ?” ಅಂದ ಜವಾನ.

“ಅದೀನಪಾ.”

“ಖರೇನ?” ಅಂದರು ನೀರು ಬಿಡುವವರು.

“ಖರೇ ಅದೀನ್ರಿ.”

ಆಮೇಲೆ ಬೀಗ ಬಿದ್ದವು. ಮರುದಿನ ಹೆಂಡತಿ ಭುಜ ಅಲುಗಿಸಿ ಎಬ್ಬಿಸಿದಾಗ ಕಿಟಕಿಯಲ್ಲಿ ಬಿಸಿಲಿತ್ತು, ಅಪ್ಪನ ಮಗ್ಗ ಆಗಲೇ ಎಡ ಬಲ ಎನ್ನುತ್ತಿತ್ತು, ಮುಂಡರಗಿಯ ಮೊದಲ ಎರಡು ಬಸ್ಸು ಹೋಗಿಬಿಟ್ಟಿದ್ದವು.